ಸೀಟು ತಪ್ಪಿದರೆ ಸೇವೆಯೂ ತಪ್ಪಬೇಕೇ?

ಚಾರ್ಮಾಡಿ ಘಟ್ಟದ ತಪ್ಪಲಿನಲ್ಲಿ ಮಳೆ ಹಿಡಿಯುವ ಹೊತ್ತಿಗೆ ನೀಟ್ ಪರೀಕ್ಷೆಯ ಫಲಿತಾಂಶವೂ ಬರುವುದು ವಾಡಿಕೆ. ಆ ದಿನಗಳಲ್ಲಿ ನಮ್ಮ ಬಳಿಗೆ ಬರುವ ಹೆತ್ತವರ ಪ್ರಶ್ನೆಗಳು ಎರಡೇ: “ಫಾದರ್, ಒಂದು ಪತ್ರ ಕೊಡುವಿರಾ? ತೋಟ ಅಡವಿಟ್ಟರೆ ತಪ್ಪಾದೀತೇ?”

ಮೊದಲನೆಯದಕ್ಕೆ ಉತ್ತರ ಸುಲಭ. ಧರ್ಮಗುರುವಿನ ಪತ್ರ ನಿಮ್ಮ ಮಗಳು ಕಥೋಲಿಕಳೆಂದು ಸಾಕ್ಷಿ ಹೇಳೀತು, ಅಂಕವನ್ನು ಹೆಚ್ಚಿಸಲಾರದು. ಸಮುದಾಯಕ್ಕೆ ಕಾದಿರಿಸಿದ ಸೀಟುಗಳೂ ಹಂಚಿಕೆಯಾಗುವುದು ನೀಟ್ ಶ್ರೇಯಾಂಕದಂತೆಯೇ.

ಎರಡನೆಯದಕ್ಕೆ ಮುನ್ನ ಒಂದು ಭೇದವನ್ನು ಅರಿಯಬೇಕು. ಅರ್ಹತೆ ಬೇರೆ, ಸೀಟು ಬೇರೆ. 2025ರಲ್ಲಿ ಸಾಮಾನ್ಯ ವರ್ಗದ ಅರ್ಹತೆಗೆ 720ರಲ್ಲಿ 144 ಅಂಕ ಸಾಕಾಯಿತು. ಅರ್ಹರಾದವರು ಸುಮಾರು 12 ಲಕ್ಷ. ದೇಶದ ಒಟ್ಟು ಎಂ.ಬಿ.ಬಿ.ಎಸ್. ಸೀಟುಗಳು ಸುಮಾರು 1.2 ಲಕ್ಷ. ಈ ಅಂತರದಲ್ಲಿಯೇ ದಲ್ಲಾಳಿಗಳು ಅಂಗಡಿ ತೆರೆಯುತ್ತಾರೆ. ರಾಜ್ಯದಲ್ಲಿ ಸೀಟು ಹಂಚುವುದು ಕರ್ನಾಟಕ ಪರೀಕ್ಷಾ ಪ್ರಾಧಿಕಾರ. ನಿಗದಿತ ಶುಲ್ಕದ ಮೇಲೆ ಕ್ಯಾಪಿಟೇಷನ್ ಪಡೆಯುವುದು 1984ರ ಕಾನೂನಿನಂತೆ ಅಪರಾಧ. ಪ್ರಾಧಿಕಾರದ ಎಲ್ಲ ಸುತ್ತುಗಳನ್ನೂ ತಾಳ್ಮೆಯಿಂದ ನೋಡಿರಿ; ಖಾಸಗಿ ಸೀಟಾದರೆ ಎಲ್ಲ ವರ್ಷಗಳ ಶುಲ್ಕವನ್ನೂ ಕೂಡಿಸಿ ನೋಡಿರಿ.

ವಿದೇಶದ ಹಾದಿಯೂ ಇದೆ. ಅದಕ್ಕೂ ನೀಟ್ ಅರ್ಹತೆ ಬೇಕು. 2021ರ ನಿಯಮಗಳಂತೆ ಕನಿಷ್ಠ 54 ತಿಂಗಳ ಇಂಗ್ಲಿಷ್ ಮಾಧ್ಯಮದ ವ್ಯಾಸಂಗ, ಅಲ್ಲಿಯೇ 12 ತಿಂಗಳ ಇಂಟರ್ನ್‌ಶಿಪ್ ಕಡ್ಡಾಯ. ಹಿಂದಿರುಗಿದ ಮೇಲೆ ಬರೆಯಬೇಕಾದ ಅರ್ಹತಾ ಪರೀಕ್ಷೆಯಲ್ಲಿ ತೇರ್ಗಡೆಯಾಗದವರೇ ಹೆಚ್ಚು. ಪಿಯುಸಿಯಲ್ಲಿ ಉತ್ತಮ ಅಂಕ ಪಡೆದರೂ ಇಲ್ಲಿ ಸೀಟು ಸಿಗದೆ ಉಕ್ರೇನಿಗೆ ಹೋದ ಹಾವೇರಿ ಜಿಲ್ಲೆಯ ಯುವಕನೊಬ್ಬ 2022ರ ಮಾರ್ಚ್ 1ರಂದು ಖಾರ್ಕಿವ್‌ನಲ್ಲಿ ಯುದ್ಧಕ್ಕೆ ಬಲಿಯಾದುದನ್ನು ನಾವು ಮರೆಯುವಂತಿಲ್ಲ.

ಹಾಗಾದರೆ ತೋಟವನ್ನು ಅಡವಿಡಬಾರದೇ? ಮಗುವಿನ ಹಂಬಲ ನಿಜವಾಗಿದ್ದು, ಸಾಲ ತೀರಿಸುವ ದಾರಿ ಕಾಣುತ್ತಿದ್ದರೆ ಅದು ತ್ಯಾಗ. ನೆಂಟರೆದುರು ತಲೆಯೆತ್ತಿ ನಡೆಯಲೆಂದಾದರೆ ಅದು ಅಹಂಕಾರ. ಅದರ ಬಡ್ಡಿಯನ್ನು ತೆರುವವರು ಮನೆಯ ಇತರ ಮಕ್ಕಳು.

ರೋಗಿಯ ಶುಶ್ರೂಷೆ ಗುರಿ. ಪದವಿ ಅದಕ್ಕೊಂದು ಸಾಧನ. ಸಾಧನವನ್ನೇ ಗುರಿಯೆಂದು ತಿಳಿದಾಗ ಒಂದು ಬಾಗಿಲು ಮುಚ್ಚಿದರೆ ಮನೆಯೇ ಕುಸಿದಂತಾಗುತ್ತದೆ. ಅಧ್ಯಾಪನಕ್ಕೆಂದು ಮಂಗಳೂರಿಗೆ ಬಂದ ಜರ್ಮನ್ ಯೇಸುಸಭೆಯ ಗುರು ಆಗಸ್ಟಸ್ ಮುಲ್ಲರ್ 1880ರಲ್ಲಿ ಕಂಕನಾಡಿಯಲ್ಲಿ ಹೋಮಿಯೋಪತಿ ಔಷಧ ಕೊಡತೊಡಗಿದರು. 1890ರಲ್ಲಿ ಕುಷ್ಠರೋಗಿಗಳಿಗೆ ಆಶ್ರಯ ಕಟ್ಟಿದರು. ಅಲ್ಲಿ ಎಂ.ಬಿ.ಬಿ.ಎಸ್. ಕಾಲೇಜು ಬಂದುದು 1999ರಲ್ಲಿ. ನೂರಕ್ಕೂ ಹೆಚ್ಚು ವರ್ಷ ಸೇವೆಯೇ ಮುಂದೆ ನಡೆಯಿತು, ಕಾಲೇಜು ಹಿಂದೆ ಬಂತು.

ನರ್ಸಿಂಗ್, ಫಿಸಿಯೋಥೆರಪಿ, ಪ್ರಯೋಗಾಲಯ ತಂತ್ರಜ್ಞಾನ, ನಮ್ಮ ಉಜಿರೆಯಲ್ಲಿಯೇ ಇರುವ ಪ್ರಕೃತಿ ಚಿಕಿತ್ಸಾ ಪದವಿ: ಇವು ಸೋತವರ ಪಾಲಿನ ಉಳಿಕೆಗಳಲ್ಲ. ಇನ್ನೊಮ್ಮೆ ನೀಟ್ ಬರೆಯುವುದೂ ಒಳ್ಳೆಯದೇ. ಆದರೆ ಆ ಒಂದು ವರ್ಷದ ತೀರ್ಮಾನ ಬರೆಯುವವಳದ್ದಾಗಿರಲಿ.

ಬಂಧುಗಳೇ, ಇಂದು ಸಂಜೆ ಜಪಸರದ ಪ್ರಾರ್ಥನೆ ಮುಗಿದ ಮೇಲೆ ಅಂಕಪಟ್ಟಿಯನ್ನು ಬದಿಗಿಟ್ಟು ಮಗಳನ್ನು ಕೇಳಿರಿ: “ನಿನಗೆ ಏನಾಗಬೇಕೆಂದಿದೆ, ಮಗಾ?” ಅವಳು ಉತ್ತರಿಸುವ ತನಕ ಸುಮ್ಮನಿರಿ. ತೋಟದ ಪತ್ರಗಳು ಅಲ್ಲಿಯವರೆಗೆ ಪೆಟ್ಟಿಗೆಯಲ್ಲಿಯೇ ಇರಲಿ.