ಮಳೆಗಾಲಕ್ಕೆ ಎಂಥ ಬೆಟ್ಟ?

ಮುಂಗಾರು ಕಾಲಿಟ್ಟ ಕೂಡಲೇ ಪದ್ಮನಾಭನಗರದ ನನ್ನ ಚಿಕಿತ್ಸಾಲಯಕ್ಕೆ ಎರಡು ಬಗೆಯ ಜನ ಬರತೊಡಗುತ್ತಾರೆ. ಶುಕ್ರವಾರ ಬರುವವರು, “ನಾಳೆ ಕುದುರೆಮುಖ ಹತ್ತುತ್ತಿದ್ದೇವೆ ಡಾಕ್ಟರೇ, ಮೊಣಕಾಲಿಗೆ ಒಂದು ಎಣ್ಣೆ ಕೊಡಿ” ಎನ್ನುತ್ತಾರೆ. ಸೋಮವಾರ ಬರುವವರಿಗೆ ಮೊಣಕಾಲು ಊದಿರುತ್ತದೆ, ಮೂಗು ಸೋರುತ್ತಿರುತ್ತದೆ, ಹೊಟ್ಟೆ ಕೆಟ್ಟಿರುತ್ತದೆ. ಎಷ್ಟೋ ಸಲ ಶುಕ್ರವಾರದವರೇ ಸೋಮವಾರವೂ ಬಂದಿರುತ್ತಾರೆ.

ಚಾರಣ ಬೇಡವೆಂದು ಹೇಳಲು ನಾನು ಹೊರಟಿಲ್ಲ. ವಾರದ ಐದು ದಿನ ಗಣಕಯಂತ್ರದ ಮುಂದೆ ಹತ್ತು ಗಂಟೆ ಕೂರುವ ನಲವತ್ತರ ಆಸುಪಾಸಿನ ದೇಹಕ್ಕೆ ಬೆಟ್ಟದ ದಾರಿ ಔಷಧಕ್ಕೆ ಸಮಾನ. ಆದರೆ ಔಷಧವನ್ನು ಕಾಲ, ಬಲ, ಮಾತ್ರೆಗಳನ್ನು ನೋಡಿ ಕೊಡುವಂತೆ ಬೆಟ್ಟವನ್ನೂ ಆರಿಸಬೇಕು. ಇಂದು ಆಯ್ಕೆ ನಡೆಯುತ್ತಿರುವುದು ಮೊಬೈಲಿನಲ್ಲಿ ಬಂದ ಚಿತ್ರವನ್ನು ನೋಡಿ. ಬೆಟ್ಟ ಎಷ್ಟು ಎತ್ತರ, ಜಲಪಾತ ಇದೆಯೇ, ಮಂಜು ಸಿಗುತ್ತದೆಯೇ ಎಂದು ಕೇಳುತ್ತಾರೆ. ನಾನು ಮೊದಲು ಕೇಳುವುದು, ಹಿಂದಿನ ರಾತ್ರಿ ತಾವು ಎಲ್ಲಿ ಮಲಗುತ್ತೀರಿ ಎಂದು. ಬಹುತೇಕರ ಉತ್ತರ ಒಂದೇ: ಬಸ್ಸಿನಲ್ಲಿ.

ಆಯುರ್ವೇದದ ಋತುಚರ್ಯೆಯಲ್ಲಿ ವರ್ಷಾಋತುವಿಗೆ ಒಂದು ವಿಶೇಷ ಸ್ಥಾನವಿದೆ. ಬೇಸಿಗೆಯ ಬಿಸಿಲು ದೇಹದ ಸ್ನಿಗ್ಧತೆಯನ್ನು ಹೀರಿಕೊಂಡಿರುತ್ತದೆ. ಆದ್ದರಿಂದ ಮಳೆಗಾಲದ ಆರಂಭದಲ್ಲಿ ಮನುಷ್ಯನ ಬಲ ವರ್ಷದಲ್ಲಿಯೇ ಅತ್ಯಂತ ಕ್ಷೀಣವಾಗಿರುತ್ತದೆ. ಜಠರಾಗ್ನಿ ಮಂದವಾಗಿರುತ್ತದೆ, ವಾತ ಕೆರಳುತ್ತದೆ. ಚರಕಾಚಾರ್ಯರೂ ವಾಗ್ಭಟರೂ ಈ ಋತುವಿನಲ್ಲಿ ವರ್ಜಿಸಬೇಕಾದವುಗಳನ್ನು ಹೇಳುವಾಗ ನದಿಯ ನೀರು, ಹಗಲು ನಿದ್ರೆ, ಬಿಸಿಲುಗಳ ಜೊತೆಗೆ ದೇಹಶ್ರಮವನ್ನೂ ಸೇರಿಸಿದ್ದಾರೆ. ವ್ಯಾಯಾಮದ ಬಗ್ಗೆ ವಾಗ್ಭಟರ ಅಳತೆ ಇನ್ನೂ ಸ್ಪಷ್ಟ. ಬಲಶಾಲಿಯೂ ಚಳಿಗಾಲದಲ್ಲಿ, ವಸಂತದಲ್ಲಿ ಅರ್ಧಶಕ್ತಿಯಷ್ಟು ಮಾತ್ರ ವ್ಯಾಯಾಮ ಮಾಡಬೇಕು. ಉಳಿದ ಋತುಗಳಲ್ಲಿ ಅದಕ್ಕಿಂತಲೂ ಕಡಿಮೆ. ಅರ್ಧಶಕ್ತಿಯೆಂದರೆ ಹಣೆ, ಮೂಗು, ಕಂಕುಳುಗಳಲ್ಲಿ ಬೆವರು ಮೂಡಿ, ಬಾಯಿ ಒಣಗಿ, ಉಸಿರನ್ನು ಬಾಯಿಂದ ಬಿಡುವ ಹಂತ. ಅಲ್ಲಿಗೆ ನಿಲ್ಲಿಸಬೇಕು. ಮಳೆಯಲ್ಲಿ ನೆನೆದವನಿಗೆ ತಾನು ಬೆವರುತ್ತಿರುವುದೇ ತಿಳಿಯುವುದಿಲ್ಲ, ಬಾಯಾರಿಕೆಯೂ ಆಗುವುದಿಲ್ಲ ಎಂಬುದನ್ನು ಇದಕ್ಕೆ ಸೇರಿಸಿಕೊಳ್ಳಿ. ಹೀಗಿರುವಾಗ ದಾರಿಯುದ್ದಕ್ಕೂ ನೋವಿನ ಮಾತ್ರೆ ನುಂಗುತ್ತಾ ಇಳಿದರೆ ಹೊಡೆತ ಬೀಳುವುದು ಮೂತ್ರಪಿಂಡಕ್ಕೆ.

ಈಗ ಬಸ್ಸಿನ ವಿಚಾರ. ಶುಕ್ರವಾರ ಕೆಲಸ ಮುಗಿಸಿ ರಾತ್ರಿ ಹತ್ತಕ್ಕೆ ಬಸ್ಸು ಹತ್ತುತ್ತಾರೆ. ನಡುರಾತ್ರಿ ಹೆದ್ದಾರಿಯ ಹೋಟೆಲಿನಲ್ಲಿ ಕರಿದ ತಿಂಡಿ. ಘಟ್ಟದ ತಿರುವುಗಳಲ್ಲಿ ಅರೆನಿದ್ದೆ, ವಾಂತಿ. ಬೆಳಗಿನ ಜಾವ ಐದಕ್ಕೆ ಇಳಿದು, ಮಲವಿಸರ್ಜನೆಯೂ ಸರಿಯಾಗಿ ಆಗದೆ, ಆರೂವರೆಗೆ ಹತ್ತಲು ಆರಂಭ. ರಾತ್ರಿ ಜಾಗರಣೆ ರೂಕ್ಷತೆಯನ್ನು ಹೆಚ್ಚಿಸುತ್ತದೆ ಎಂಬುದು ಪಾಠಶಾಲೆಯ ಮೊದಲ ವರ್ಷದಲ್ಲೇ ನಾವು ಕಲಿಯುವ ಮಾತು. ವಾತ ಕೆರಳಿದ ಋತುವಿನಲ್ಲಿ, ವಾತ ಕೆರಳಿಸುವ ರಾತ್ರಿಯನ್ನು ಕಳೆದು, ಕುದುರೆಮುಖದಂಥ ಹೋಗಿಬರಲು ಸುಮಾರು 20 ಕಿ.ಮೀ. ಇರುವ, ಹಳ್ಳಗಳನ್ನು ದಾಟಬೇಕಾದ ದಾರಿಗೆ ಇಳಿಯುವುದು! ಹತ್ತುವಾಗ ಉತ್ಸಾಹ ಕಾಪಾಡುತ್ತದೆ. ಮಧ್ಯಾಹ್ನದ ಮೇಲೆ ಇಳಿಯುವಾಗ ತೊಡೆಯ ಸ್ನಾಯುಗಳು ಸೋತು ಭಾರವೆಲ್ಲ ಮೊಣಕಾಲಿನ ಮೇಲೆ ಬೀಳುತ್ತದೆ. ನಿದ್ದೆಗೆಟ್ಟ ಕಣ್ಣು ಜಾರುವ ಕಲ್ಲನ್ನು ಗುರುತಿಸುವುದಿಲ್ಲ. ಸೋಮವಾರ ನನ್ನ ಮುಂದೆ ಕುಳಿತವರ ಕಥೆಗಳಲ್ಲಿ ಬಿದ್ದದ್ದೆಲ್ಲ ಇಳಿಯುವಾಗಲೇ.

ನಮ್ಮ ಹಿರಿಯರ ನಡಿಗೆಯ ಕ್ರಮವನ್ನು ನೋಡಿ. ಉತ್ತರ ಕರ್ನಾಟಕದ ಭಕ್ತರು ಶ್ರೀಶೈಲಕ್ಕೆ ಪಾದಯಾತ್ರೆ ಹೊರಡುವುದು ಯುಗಾದಿಗೆ ಮುನ್ನ. ಕನಕಪುರದ ಕಡೆಯವರು ಕಾವೇರಿ ದಾಟಿ ಮಲೆ ಮಹದೇಶ್ವರನ ಬೆಟ್ಟಕ್ಕೆ ನಡೆಯುವುದು ಶಿವರಾತ್ರಿಗೆ. ಚಿಕ್ಕಮಗಳೂರಿನ ದೇವೀರಮ್ಮನ ಬೆಟ್ಟವನ್ನು ಜನ ಹತ್ತುವುದು ದೀಪಾವಳಿಯಲ್ಲಿ. ಶ್ರಾವಣದಲ್ಲಿ ಮಠಗಳಲ್ಲಿ ಪ್ರವಚನ. ಜನ ಒಂದೆಡೆ ಕುಳಿತು ಕೇಳುವ ಕಾಲ. ಹಾಗೆಂದು ಅವರು ಮಳೆಗಾಲದಲ್ಲಿ ಬೆಟ್ಟವನ್ನೇ ತೊರೆದಿರಲಿಲ್ಲ. ಆಷಾಢ ಶುಕ್ರವಾರಗಳಂದು ಮೈಸೂರಿನ ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲುಗಳನ್ನು ಇಂದಿಗೂ ಮುದುಕರು, ಮಕ್ಕಳು ಹತ್ತುತ್ತಾರೆ. ಮಳೆ ಹದವಾಗಿರುವ ಊರು, ಕಟ್ಟಿದ ಮೆಟ್ಟಿಲು, ಸುಮಾರು ಏಳುನೂರನೆಯ ಮೆಟ್ಟಿಲಲ್ಲಿ ದೊಡ್ಡ ನಂದಿ; ಸಾಕೆನಿಸಿದವರು ಅಲ್ಲಿಯೇ ಕೈಮುಗಿದು ನಿಲ್ಲಬಹುದು. ಇನ್ನು ಪಂಢರಪುರದ ವಾರಕರಿಗಳು ಆಷಾಢದ ಮಳೆಯಲ್ಲೇ ನಡೆಯುತ್ತಾರಲ್ಲ ಎಂದು ಯಾರಾದರೂ ಕೇಳಿಯಾರು. ಆಳಂದಿಯಿಂದ ಹೊರಟವರು ಸುಮಾರು 250 ಕಿ.ಮೀ. ನಡೆಯಲು ಮೂರು ವಾರದಷ್ಟು ಕಾಲ ತೆಗೆದುಕೊಳ್ಳುತ್ತಾರೆ. ಪ್ರತಿ ರಾತ್ರಿ ಬಿಡಾರ, ಬಿಸಿ ಊಟ, ನಿದ್ದೆ. ಎರಡು ದಿನದಲ್ಲಿ ಎಲ್ಲವನ್ನೂ ಮುಗಿಸಿ ಸೋಮವಾರ ಕಚೇರಿಗೆ ಹೋಗುವ ಆತುರ ಅವರಿಗಿಲ್ಲ.

ಬೆಂಗಳೂರಿನವರಿಗೆ ಇನ್ನೊಂದು ಅನುಕೂಲವಿದೆ, ಅದನ್ನು ನಾವು ಗಮನಿಸುವುದೇ ಇಲ್ಲ. ಆಗುಂಬೆಯಲ್ಲಿ ವರ್ಷಕ್ಕೆ ಏಳು ಸಾವಿರ ಮಿ.ಮೀ. ಆಸುಪಾಸು ಮಳೆ ಸುರಿದರೆ ನಮ್ಮಲ್ಲಿ ಒಂದು ಸಾವಿರ ಮಿ.ಮೀ.ಗೂ ಕಡಿಮೆ. ಸಹ್ಯಾದ್ರಿಯಲ್ಲಿ ಜಡಿಮಳೆ ಹಿಡಿಯುವ ಜುಲೈ ತಿಂಗಳಲ್ಲಿ ಇಲ್ಲಿ ಮೋಡ, ತಂಗಾಳಿ, ತುಂತುರು. ನಮ್ಮ ಜೋರು ಮಳೆ ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳದು. ಆದ್ದರಿಂದ ಆಷಾಢ, ಶ್ರಾವಣಗಳಲ್ಲಿ ಪೂರ್ವದ ಬಯಲುಸೀಮೆಯ ಬೆಟ್ಟಗಳಿಗೆ ಹೋಗಿ, ಮಲೆನಾಡಿನ ಶಿಖರಗಳನ್ನು ದೀಪಾವಳಿಯ ನಂತರಕ್ಕೆ ಇಟ್ಟುಕೊಳ್ಳಿ ಎಂಬುದು ನನ್ನ ಸಲಹೆ. 2018ರಲ್ಲಿ ಕೊಡಗು, 2024ರಲ್ಲಿ ಶಿರೂರು, ವಯನಾಡು ಕುಸಿದದ್ದು ಜುಲೈ, ಆಗಸ್ಟ್ ತಿಂಗಳುಗಳಲ್ಲಿಯೇ ಎಂಬುದೂ ನೆನಪಿರಲಿ.

ಹತ್ತಿರದ ಬೆಟ್ಟಗಳೆಲ್ಲ ಸಮಾನವಲ್ಲ. ಸಾವನದುರ್ಗ, ಮಧುಗಿರಿಗಳು ಬೋಳುಬಂಡೆಗಳು. ಪಾಚಿ ಕಟ್ಟಿದಾಗ ಅವುಗಳ ಮೇಲೆ ಕಾಲು ನಿಲ್ಲುವುದಿಲ್ಲ. ಅವು ಮಾಗಿಗೆ ಸರಿ. ಶಿವಗಂಗೆ ನನಗೆ ಪ್ರಿಯವಾದದ್ದು. ಮನೆಯಲ್ಲಿ ಹೊಟ್ಟೆ ತುಂಬ ನಿದ್ದೆ ಮಾಡಿ, ಬೆಳಗ್ಗೆ ಹೊರಟು, ಗಂಗಾಧರೇಶ್ವರನ ದರ್ಶನ ಮಾಡಿ ಮೆಟ್ಟಿಲು ಹತ್ತಿ ಒಳಕಲ್ಲು ತೀರ್ಥದಲ್ಲಿ ಕೈಯಾಡಿಸಿ, ಮಳೆ ಇದ್ದರೆ ಅಲ್ಲಿಂದಲೇ ಹಿಂದಿರುಗಬೇಕು. ಮೇಲಿನ ಕಡಿದಾದ ಬಂಡೆಯನ್ನು ಒಣಹವೆಯಲ್ಲಿ ಮಾತ್ರ ಹತ್ತಿ. ಮಧ್ಯಾಹ್ನ ಗುಡುಗು ಕೇಳುವ ಮೊದಲೇ ಕೆಳಗಿರಬೇಕು. ಬೋಳು ಶಿಖರ ಸಿಡಿಲಿಗೆ ತವರು. ಚಾರಣಕ್ಕೆ ಒಂದು ತಿಂಗಳು ಮೊದಲೇ ತುರಹಳ್ಳಿಯ ಗುಡ್ಡದ ಕಡೆಗೋ ಮನೆಯ ಮೆಟ್ಟಿಲ ಮೇಲೋ ದಿನಕ್ಕೆ ಅರ್ಧ ಗಂಟೆ ಹತ್ತಿಳಿಯುವ ರೂಢಿ ಮಾಡಿಕೊಂಡರೆ ನನ್ನ ಎಣ್ಣೆಯ ಅಗತ್ಯವೇ ಬೀಳದು.

ಜಲಪಾತಗಳ ಬಗ್ಗೆ ಹೆಚ್ಚು ಹೇಳಲಾರೆ. 2023ರ ಜುಲೈನಲ್ಲಿ ಕೊಲ್ಲೂರಿನ ಬಳಿಯ ಅರಶಿನಗುಂಡಿಯಲ್ಲಿ ಬಂಡೆಯ ಮೇಲೆ ನಿಂತಿದ್ದ ಯುವಕನೊಬ್ಬ ಜಾರಿ ಕೊಚ್ಚಿಹೋದ ದೃಶ್ಯವನ್ನು ನಾಡೆಲ್ಲ ನೋಡಿದೆ. ಒಂದು ವಾರ ಹುಡುಕಬೇಕಾಯಿತು.

ಮಲೆನಾಡಿಗೆ ಹೋಗಿಯೇ ತೀರುವವರು ಒಂದು ದಿನ ಮುಂಚಿತವಾಗಿ ಹಗಲಿನಲ್ಲೇ ಪ್ರಯಾಣ ಮಾಡಿ ಬೆಟ್ಟದ ಬುಡದ ಊರಿನಲ್ಲಿ ರಾತ್ರಿ ತಂಗಲಿ. ಒಂದು ದಿನದ ರಜೆ ಹೆಚ್ಚು ಬೇಕಾಗುತ್ತದೆ, ನಿಜ. ಇಂಬಳಗಳಿಗೆ ಅಷ್ಟೊಂದು ಹೆದರಬೇಡಿ. ಸುಶ್ರುತರು ರಕ್ತಮೋಕ್ಷಣಕ್ಕೆ ಬಳಸಿದ ಜಿಗಣೆಯ ಬಂಧುಗಳೇ ಅವು. ಕಿತ್ತೆಳೆಯದೆ, ಉಗುರಿನಿಂದ ಪಕ್ಕಕ್ಕೆ ಸರಿಸಿ ಬಿಡಿಸಿ, ತೊಳೆದು, ಶುಭ್ರ ಬಟ್ಟೆಯಿಂದ ಒತ್ತಿಹಿಡಿದರೆ ಸಾಕು. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡು ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರಿಗೆ ಮಾತ್ರ ರಕ್ತ ನಿಲ್ಲುವುದು ತಡ. ಅವರು ತಮ್ಮ ಹೃದ್ರೋಗ ತಜ್ಞರನ್ನು ಕೇಳದೆ ಹೊರಡಬಾರದು. ಪಾದಗಳಲ್ಲಿ ಸ್ಪರ್ಶಜ್ಞಾನ ಕಡಿಮೆಯಾದ ಮಧುಮೇಹಿಗಳು ಇಡೀ ದಿನ ಒದ್ದೆ ಬೂಟಿನಲ್ಲಿ ನಡೆಯಲೇಬಾರದು. ಹತ್ತುವಾಗ ಎದೆ ಬಿಗಿದರೆ ಕಷಾಯ, ಶುಂಠಿಗಳ ಗೋಜಿಗೆ ಹೋಗದೆ ಆಸ್ಪತ್ರೆಗೆ ಧಾವಿಸಿ.

ಬುತ್ತಿಗೆ ಜೀರಿಗೆ, ಹಸಿಶುಂಠಿ ಹಾಕಿದ ಹೆಸರುಬೇಳೆ ಪೊಂಗಲ್, ಕುದಿಸಿ ಆರಿಸಿದ ನೀರು. ಹಳ್ಳದ ನೀರು ಎಷ್ಟೇ ತಿಳಿಯಾಗಿ ಕಂಡರೂ ಬೇಡ. ಒಂದು ಜೊತೆ ಒಣಬಟ್ಟೆ, ಕಾಲುಚೀಲಗಳು ಗಾಡಿಯಲ್ಲಿ ಕಾಯುತ್ತಿರಲಿ. ಮರುದಿನ ಬೆಳಗ್ಗೆ ಜ್ವರವಿಲ್ಲದಿದ್ದರೆ ಎಳ್ಳೆಣ್ಣೆ ಬೆಚ್ಚಗೆ ಮಾಡಿ ಸೊಂಟದಿಂದ ಅಂಗಾಲಿನವರೆಗೆ ತಿಕ್ಕಿ, ಬಿಸಿನೀರು ಹಾಕಿಕೊಳ್ಳಿ. ಮುಂದಿನ ಎರಡು ಮೂರು ವಾರಗಳಲ್ಲಿ ಜ್ವರ, ಮೀನಖಂಡಗಳಲ್ಲಿ ತೀವ್ರ ನೋವು, ಕಣ್ಣು ಕೆಂಪಾಗುವುದು ಕಂಡುಬಂದರೆ, ಬೆಟ್ಟದಲ್ಲಿ ಕೆಸರು ನೀರು ತುಳಿದು ಬಂದ ಸಂಗತಿಯನ್ನು ವೈದ್ಯರಿಗೆ ಮೊದಲು ತಿಳಿಸಿ. ಇಲಿಜ್ವರವನ್ನು ಬೇಗ ಗುರುತಿಸಿದರೆ ಗುಣಪಡಿಸಬಹುದು. ನೆಗಡಿಜ್ವರವೆಂದು ಮನೆಯಲ್ಲೇ ಕಷಾಯ ಕುಡಿಯುತ್ತಾ ಕುಳಿತರೆ ಅದು ಯಕೃತ್ತು, ಮೂತ್ರಪಿಂಡಗಳಿಗೆ ಇಳಿಯುತ್ತದೆ.