ಬೇಲಿ ಯಾಕೆ, ಬಸ್ ಚಾರ್ಜೇ ಸಾಕು

ಡಕಾರ್‌ನಲ್ಲಿ ಕಪ್ಪು ಜನರನ್ನು ದೂರ ಇಡುವ ಕಾನೂನು ಈಗ ಎಲ್ಲಿದೆ ತೋರಿಸಿ ಅಂತ ಕೇಳುವ ಪಂಡಿತರಿದ್ದಾರೆ. ಕಾನೂನಿಲ್ಲ, ನಿಜ. ಬಸ್ ಚಾರ್ಜಿದೆ.

ಪಶ್ಚಿಮ ಆಫ್ರಿಕಾದ ಸೆನೆಗಲ್ ದೇಶದ ರಾಜಧಾನಿ ಅದು. ಸಮುದ್ರಕ್ಕೆ ಚಾಚಿದ ನೆಲ. ತುದಿಯಲ್ಲಿ ಪ್ಲಾಟೋ ಎಂಬ ಬಡಾವಣೆ. ಬ್ಯಾಂಕು, ಸರ್ಕಾರಿ ಕಚೇರಿ, ಅಧ್ಯಕ್ಷರ ಅರಮನೆ ಎಲ್ಲಾ ಅಲ್ಲೇ. 1914ರಲ್ಲಿ ಪ್ಲೇಗು ಬಂತು. ರೋಗ ಇಲಿಯದು, ಶಿಕ್ಷೆ ಕಪ್ಪು ಜನರ ಗುಡಿಸಲಿಗೆ! ಫ್ರೆಂಚ್ ದೊರೆಗಳು ಗುಡಿಸಲು ಸುಟ್ಟು, ಮೆದಿನಾ ಎಂಬ ಬೇರೆ ಕೇರಿ ಮಾಡಿ ಅಲ್ಲಿಗೆ ಅಟ್ಟಿದರು. ಕೊಟ್ಟ ಕಾರಣ ಆರೋಗ್ಯ. ಊರ ಹೊರಗೆ ಹುಟ್ಟಿದ ನಮಗೆ ಈ ಮಾತೇನು ಹೊಸದಲ್ಲ. ಆದರೆ ಅಲ್ಲಿನ ಲೆಬು ಜನ ಎದುರು ನಿಂತರು. ಎಷ್ಟೋ ಮನೆತನಗಳು ಪ್ಲಾಟೋ ಬಿಟ್ಟು ಕದಲಲೇ ಇಲ್ಲ.

ಊರು ಬೆಳೆದು ಮೆದಿನಾ ನಡುವಿಗೇ ಬಂತು. 1952ರಿಂದ ಮತ್ತೆ ಬಡವರನ್ನು ಒಕ್ಕಲೆಬ್ಬಿಸಿ ಹತ್ತು ಕಿಲೋಮೀಟರಿಗೂ ಆಚೆ ಪಿಕಿನ್‌ಗೆ ಸಾಗಿಸಿದರು. 1960ರಲ್ಲಿ ಸ್ವಾತಂತ್ರ್ಯ ಬಂತು. ಕವಿ ಸೆಂಗೋರ್ ಅಧ್ಯಕ್ಷರಾದರು. ಗುಡಿಸಲು ಕೀಳೋದು ಮಾತ್ರ ನಿಲ್ಲಲಿಲ್ಲ.

ಮನೆ ಪಿಕಿನ್‌ಗೆ ಹೋಯಿತು, ಕೂಲಿ ಪ್ಲಾಟೋದಲ್ಲೇ ಉಳೀತು. ನಡುವೆ ದಶಕಗಟ್ಟಲೆ ಜನರನ್ನು ಹೊತ್ತದ್ದು ನೀಲಿ ಹಳದಿ ಬಣ್ಣದ ಹಳೇ ವ್ಯಾನು. ಹೆಸರು ‘ಕಾರ್ ರಾಪಿಡ್’, ಅಂದರೆ ವೇಗದ ಗಾಡಿ! ಜನ ಹೆಚ್ಚಿರೋ ಹೊತ್ತಲ್ಲಿ ದಾರಿಯನ್ನೇ ತುಂಡು ಮಾಡಿ ಅರ್ಧಕ್ಕೆ ಇಳಿಸೋರು. ಮುಂದಿನ ಗಾಡಿಗೆ ಮತ್ತೆ ಚಾರ್ಜು. ಹಿಂಬಾಗಿಲಿಗೆ ಜೋತುಬಿದ್ದು ಕೂಗುವ ಹುಡುಗನ ಮೇಲೆ ನಮಗೆ ಸಿಟ್ಟಿಲ್ಲ, ಅವನೂ ಬಡವನೇ. 2000ರ ಸಮೀಕ್ಷೆಯಲ್ಲಿ ಡಕಾರ್ ಜನರ ಹತ್ತು ಓಡಾಟದಲ್ಲಿ ಏಳು ಕಾಲ್ನಡಿಗೆಯವು. ನಡೆಯೋದು ಒಳ್ಳೇ ಅಭ್ಯಾಸ ಅನ್ನೋರಿಗೆ ಏನು ಹೇಳೋಣ? ಚಾರ್ಜಿಗೆ ದುಡ್ಡಿಲ್ಲದವಳು ಕಾಲು ಮುಟ್ಟುವಷ್ಟು ದೂರದಲ್ಲೇ ಕೆಲಸ ಹುಡುಕಬೇಕು. ಹಾಸ್ಟೆಲ್ ಗೆಳೆಯರೇ, ಪಿಕಿನ್‌ನ ಬಡ ಹುಡುಗ ಯೂನಿವರ್ಸಿಟಿ ಸೇರಿದರೂ ಪುಸ್ತಕಕ್ಕೆ ಮೊದಲು ಗಾಡಿ ಚಾರ್ಜು ಹೊಂದಿಸಬೇಕು.

ಈಗ ರೈಲು ಬಂದಿದೆಯಲ್ಲ ಅಂತಾರೆ. ಬಂದಿದೆ. 2013ರಲ್ಲಿ ಟೋಲ್ ರಸ್ತೆ, 2021ರ ಡಿಸೆಂಬರಿನಲ್ಲಿ ಡಿಯಾಮ್ನಿಯಾಡಿಯೋವರೆಗೆ 36 ಕಿಲೋಮೀಟರು ರೈಲು, 2024ರಲ್ಲಿ ಗೆಡಿಯವಾಯ್‌ನಿಂದ ವಿದ್ಯುತ್ ಬಸ್ಸು. ಬೇಡ ಅನ್ನಲ್ಲ ನಾವು. ಆದರೆ ಹಳಿಗಾಗಿ ಮನೆ, ಅಂಗಡಿ ಕಳಕೊಂಡವರು ಯಾರು? ಹಳಿಗೆ ಬೇಲಿ ಬಿದ್ದ ಮೇಲೆ ಎದುರು ಬೀದಿಗೆ ಹೋಗೋಕೆ ಸುತ್ತಿ ಬಳಸಿ ನಡೆಯೋರು ಯಾರು? ರೈಲು ಶುರುವಾದಾಗ ಎರಡನೇ ದರ್ಜೆಯಲ್ಲಿ ಉದ್ದ ಪ್ರಯಾಣಕ್ಕೆ 1500 ಫ್ರಾಂಕು, ಬರೀ ಹೋಗೋಕೆ. ಒಂದನೇ ದರ್ಜೆಗೆ 2500. ಬಡವರನ್ನು ದೂರ ಒಯ್ದು ಹಾಕಿದ್ದು ಸರ್ಕಾರ. ವಾಪಸು ಬರುವ ಚಾರ್ಜು ಬಡವರ ಜೇಬಿನಿಂದಲೇ ಯಾಕೆ ಹೋಗಬೇಕು? ಇದಕ್ಕೆ ಆ ಪಂಡಿತರು ಮೊದಲು ಉತ್ತರ ಕೊಡಲಿ.