ಸೂಜಿ ಯಾವ ಕೈಗೆ?

ದೊಡ್ಡವ್ವನಿಗೆ 81 ವರ್ಷ. ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಿದ್ದಳು. ಆಪರೇಷನ್ ದಿನ ಬೆಳಿಗ್ಗೆ ವಾರ್ಡ್ ಬಾಯ್ ಹಸಿರು ಗೌನು ಹಿಡಿದು ಬಂದವನೇ, ‘ಮೈಮೇಲಿಂದೆಲ್ಲ ತೆಗೀರಿ’ ಎಂದ. ಬೆಂಡೋಲೆ, ಮೂಗುತಿ, ಉಂಗುರ ಒಂದೊಂದಾಗಿ ನನ್ನ ಕರವಸ್ತ್ರ ಸೇರಿದವು. ಕೊರಳಲ್ಲಿದ್ದ ಬೆಳ್ಳಿ ಕರಡಿಗೆಗೆ ಅವನು ಕೈ ಹಾಕುತ್ತಿದ್ದಂತೆ ದೊಡ್ಡವ್ವ ಎರಡೂ ಅಂಗೈಯಿಂದ ಅದನ್ನು ಮುಚ್ಚಿಕೊಂಡಳು. ‘ಲಿಂಗ ಬಿಚ್ಚಿದ್ರ ನಾ ಒಳಗ ಬರಂಗಿಲ್ಲ’ ಎಂದಳು. ಅವನು ಮತ್ತೊಮ್ಮೆ ಶಿವದಾರ ಎಳೆದ. ಆಕೆ ಅಳತೊಡಗಿದಳು. ಬಿಪಿ ಏರಿತು. ಥಿಯೇಟರ್‌ನಿಂದ ಎರಡು ಸಲ ಫೋನ್ ಬಂತು. ನಾವು ಮನೆಯವರೇ ‘ಹಟ ಮಾಡಬ್ಯಾಡ’ ಎಂದು ಗದರಿದೆವು. ಅದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ.

ಆಗ ಡ್ಯೂಟಿಯಲ್ಲಿದ್ದ ಸಿಸ್ಟರ್ ಬಂದರು. ವಾರ್ಡ್ ಬಾಯ್‌ನನ್ನು ಆಚೆ ಕಳಿಸಿ, ಸ್ಟೂಲ್ ಎಳೆದುಕೊಂಡು ಕೂತು, ‘ಅಜ್ಜಿ, ಇದನ್ನ ಎಷ್ಟು ವರ್ಷದಿಂದ ಕಟ್ಟಿಕೊಂಡಿದೀರಿ?’ ಎಂದು ಕೇಳಿದರು. ಹುಟ್ಟಿದಾಗ ಸ್ವಾಮಿಗಳು ಕಟ್ಟಿದ್ದು, 81 ವರ್ಷದಲ್ಲಿ ಒಂದು ದಿನವೂ ಮೈ ಬಿಟ್ಟಿಲ್ಲ ಎಂದಳು ದೊಡ್ಡವ್ವ. ಶಸ್ತ್ರಚಿಕಿತ್ಸೆಯಲ್ಲಿ ರಕ್ತ ನಿಲ್ಲಿಸಲು ವಿದ್ಯುತ್ ಸಾಧನ ಬಳಸುತ್ತಾರೆ, ಮೈಮೇಲೆ ಲೋಹವಿದ್ದರೆ ಚರ್ಮ ಸುಡುವ ಭಯ, ಹಾಗಾಗಿ ಬೆಳ್ಳಿ ಇರುವಂತಿಲ್ಲ ಎಂದು ಸಿಸ್ಟರ್ ವಿವರಿಸಿದರು. ಆದರೆ ಒಳಗಿನ ಲಿಂಗ ಲೋಹದ್ದಲ್ಲವಲ್ಲ! ಅರಿವಳಿಕೆ ಡಾಕ್ಟರನ್ನು ಕೇಳಿ ಬಂದು, ದೊಡ್ಡವ್ವನ ಕೈಯಿಂದಲೇ ಕರಡಿಗೆ ತೆರೆಸಿ, ಲಿಂಗವನ್ನು ಹೊಸ ಗಾಜ್ ಬಟ್ಟೆಯಲ್ಲಿ ಸುತ್ತಿ ಎಡ ರಟ್ಟೆಗೆ ಬ್ಯಾಂಡೇಜಿನಿಂದ ಕಟ್ಟಿದರು. ಖಾಲಿ ಕರಡಿಗೆ ನನ್ನ ಕೈಗೆ ಬಂತು. ಆಮೇಲೆ ಡ್ರಿಪ್ ಸೂಜಿ ಹಾಕಲು ಕೂತವರು ತಡೆದು, ‘ಪೂಜೆ ಯಾವ ಕೈಯಲ್ಲಿ ಮಾಡ್ತೀರಿ ಅಜ್ಜಿ?’ ಎಂದರು. ಲಿಂಗವನ್ನು ಎಡ ಅಂಗೈಯಲ್ಲಿಟ್ಟು ಪೂಜಿಸುವುದು. ಸೂಜಿ ಬಲಗೈಗೆ ಹೋಯಿತು, ಅದೂ ಬೆರಳಾಡಿಸಲು ತೊಡಕಾಗದಂತೆ ಮಣಿಕಟ್ಟಿನಿಂದ ನಾಲ್ಕು ಬೆರಳು ಮೇಲೆ.

ನರ್ಸಿಂಗ್‌ನಲ್ಲಿ ಅಧ್ಯಾತ್ಮಕ್ಕೇನು ಕೆಲಸ ಎಂದು ಕೇಳುವವರಿಗೆ ನಾನು ಆ ಸೂಜಿಯ ಜಾಗ ತೋರಿಸುತ್ತೇನೆ. ಸಿಸ್ಟರ್ ಮಂತ್ರ ಹೇಳಲಿಲ್ಲ, ದೇವರ ಹೆಸರೆತ್ತಲಿಲ್ಲ. ಅವರ ಧರ್ಮ ಯಾವುದೋ ನನಗೆ ಗೊತ್ತಿಲ್ಲ. ಎದುರಿಗಿರುವ ಜೀವ ಯಾವುದನ್ನು ಹಿಡಿದುಕೊಂಡು ನಿಂತಿದೆ ಎಂದು ತಿಳಿದು, ಅದಕ್ಕೆ ಜಾಗ ಮಾಡಿಕೊಟ್ಟರು. ಥಿಯೇಟರ್ ನಿಯಮವೂ ಮುರಿಯಲಿಲ್ಲ.

ನಾವು ಜಾತಿ, ಮತ ಎನ್ನದೆ ಎಲ್ಲ ದಾದಿಯರನ್ನೂ ‘ಸಿಸ್ಟರ್’ ಎನ್ನುತ್ತೇವೆ. ಸನ್ಯಾಸಿನಿಯರು ರೋಗಿಗಳ ಸೇವೆ ಮಾಡುತ್ತಿದ್ದ ಕಾಲದಿಂದ ಉಳಿದು ಬಂದ ಮಾತು ಅದು. ಬೆಂಗಳೂರಿನ ಸೇಂಟ್ ಮಾರ್ಥಾಸ್ ಆಸ್ಪತ್ರೆಯನ್ನು 1886ರಲ್ಲಿ ಕಟ್ಟಿದವರು ಗುಡ್ ಶೆಫರ್ಡ್ ಸನ್ಯಾಸಿನಿಯರು. ಆಧುನಿಕ ನರ್ಸಿಂಗ್‌ಗೆ ಅಡಿಪಾಯ ಹಾಕಿದ ಫ್ಲಾರೆನ್ಸ್ ನೈಟಿಂಗೇಲ್ 1837ರಲ್ಲಿ, ಇನ್ನೂ ಹದಿನಾರರ ಹುಡುಗಿ, ದೇವರು ತನ್ನನ್ನು ಸೇವೆಗೆ ಕರೆದನೆಂದು ಬರೆದಿಟ್ಟುಕೊಂಡಿದ್ದಳು. ಅದೇ ಹೆಣ್ಣುಮಗಳು ಮುಂದೆ ಸೈನಿಕರ ಸಾವಿನ ಲೆಕ್ಕವನ್ನು ನಕ್ಷೆ ಬರೆದು ಸರ್ಕಾರದ ಮುಂದಿಟ್ಟಳು. ಗಾಳಿ, ಬೆಳಕು, ಚರಂಡಿ ಎಂದು ಪಟ್ಟು ಹಿಡಿದಳು. ಭಕ್ತಿಗೂ ಅಂಕಿಸಂಖ್ಯೆಗೂ ಆಕೆಯಲ್ಲಿ ಜಗಳವಿರಲಿಲ್ಲ.

ಇನ್ನೊಬ್ಬಾಕೆ ಸಿಸಿಲಿ ಸಾಂಡರ್ಸ್. ಮೊದಲು ನರ್ಸ್, ಬೆನ್ನುನೋವಿನಿಂದ ಆ ಕೆಲಸ ಬಿಟ್ಟು ಆಸ್ಪತ್ರೆಯ ಸಮಾಜ ಕಾರ್ಯಕರ್ತೆ, ಕೊನೆಗೆ ಡಾಕ್ಟರ್. 1948ರಲ್ಲಿ ಲಂಡನ್ನಿನಲ್ಲಿ ಕ್ಯಾನ್ಸರ್‌ನಿಂದ ಸಾಯುತ್ತಿದ್ದ ಡೇವಿಡ್ ತಾಸ್ಮಾ ಎಂಬ ಪೋಲೆಂಡಿನ ಯಹೂದಿ ನಿರಾಶ್ರಿತನ ಬಳಿ ಆಕೆ ಆಗಾಗ ಹೋಗಿ ಕೂರುತ್ತಿದ್ದರು. ನೀವು ಕಟ್ಟುವ ಮನೆಯಲ್ಲಿ ನಾನೊಂದು ಕಿಟಕಿಯಾಗಿರುತ್ತೇನೆ ಎಂದು ಆತ ತನ್ನಲ್ಲಿದ್ದ 500 ಪೌಂಡ್ ಬಿಟ್ಟುಹೋದ. ಸಾಯುವವರ ಆರೈಕೆಗೆ ಅವರು ಕಟ್ಟಿದ ಆ ಮನೆ, ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪಿಸ್, 1967ರಲ್ಲಿ ತೆರೆಯಿತು. ದೇಹ, ಮನಸ್ಸು, ಸಂಸಾರ, ಆತ್ಮ ನಾಲ್ಕೂ ಸೇರಿಯೇ ರೋಗಿಯ ನೋವು ಎಂದು ವೈದ್ಯಲೋಕಕ್ಕೆ ತಿಳಿಹೇಳಿದವರು ಅವರು. ಬೆಂಗಳೂರಿನ ಮಾರತ್ತಹಳ್ಳಿ ಬಳಿ 1999ರಿಂದ ಕೊನೆಯ ಹಂತದ ಕ್ಯಾನ್ಸರ್ ರೋಗಿಗಳನ್ನು ಒಂದು ಪೈಸೆ ಪಡೆಯದೆ ನೋಡಿಕೊಳ್ಳುತ್ತಿರುವ ಕರುಣಾಶ್ರಯ ನಡೆಯುತ್ತಿರುವುದೂ ಇದೇ ದಾರಿಯಲ್ಲಿ.

ನಮ್ಮ ವಾರ್ಡುಗಳಲ್ಲಿ ಆ ನಾಲ್ಕನೆಯ ನೋವಿಗೆ ಒಂದು ಮಾತಿದೆ: ‘ನಾ ಏನ್ ಪಾಪ ಮಾಡಿದ್ನೋ.’ ಗಂಟಲ ಕ್ಯಾನ್ಸರ್ ಆದ ಹಮಾಲ ಕೇಳುತ್ತಾನೆ, ಎಳೆಗೂಸನ್ನು ಕಳೆದುಕೊಂಡ ಬಾಣಂತಿ ಕೇಳುತ್ತಾಳೆ. ರಾತ್ರಿ ಎರಡು ಗಂಟೆಗೆ, ಡಾಕ್ಟರ್ ಇಲ್ಲದ ಹೊತ್ತಿನಲ್ಲಿ, ನೈಟ್ ಡ್ಯೂಟಿ ಸಿಸ್ಟರನ್ನೇ ಕೇಳುವುದು. ಇದಕ್ಕೆ ಅನೇಕರು ಒಳ್ಳೆಯ ಮನಸ್ಸಿನಿಂದಲೇ ಕೊಡುವ ಉತ್ತರ ‘ಹಣೆಬರಹ’, ‘ಕರ್ಮ’, ‘ಪ್ರಾರ್ಥನೆ ಮಾಡಿ’. ಮೂರೂ ನನಗೆ ಒಪ್ಪಿಗೆಯಿಲ್ಲ. ಕರ್ಮ ಎಂದ ಕೂಡಲೇ ರೋಗಿಯ ಮೇಲೆ ರೋಗದ ಜೊತೆ ಅಪರಾಧವೂ ಬೀಳುತ್ತದೆ. ಹಾಸಿಗೆ ಬಿಟ್ಟು ಏಳಲಾಗದವನಿಗೆ ತಮ್ಮ ದೇವರನ್ನು ಹೇಳಿಕೊಡುವುದು, ಅದು ಯಾವ ದೇವರೇ ಆಗಲಿ, ಅಸಹಾಯಕತೆಯ ದುರುಪಯೋಗ. ‘ಹಂಗ್ಯಾಕ ಅನಿಸ್ತೈತಿ ಹೇಳ್ರಿ’ ಎಂದು ಹತ್ತು ನಿಮಿಷ ಕೂತರೆ ಸಾಕು. ದೇವರನ್ನೇ ನಂಬದವರಿಗೂ ಇದು ಸಲ್ಲಬೇಕು. ನನಗೆ ಪರಿಚಯವಿದ್ದ ನಿವೃತ್ತ ಮೇಷ್ಟ್ರು ಒಬ್ಬರಿಗೆ ಪೂಜೆ, ಪ್ರಸಾದ ಬೇಡವಾಗಿತ್ತು. ಕಣ್ಣು ಮಂಜಾಗಿದ್ದ ಅವರಿಗೆ ಬೇಕಾಗಿದ್ದುದು ಬೆಳಗಿನ ಪೇಪರನ್ನು ಯಾರಾದರೂ ಓದಿ ಹೇಳುವುದು.

ಆದರೆ ಆ ಹತ್ತು ನಿಮಿಷ ಎಲ್ಲಿದೆ? ಭಾರತೀಯ ನರ್ಸಿಂಗ್ ಪರಿಷತ್ತಿನ ಮಾನದಂಡದಂತೆ ಬೋಧನಾ ಆಸ್ಪತ್ರೆಯ ಸಾಮಾನ್ಯ ವಾರ್ಡಿನಲ್ಲಿ ಮೂವರು ರೋಗಿಗಳಿಗೆ ಒಬ್ಬ ನರ್ಸ್, ಇತರ ಆಸ್ಪತ್ರೆಗಳಲ್ಲಿ ಐವರಿಗೆ ಒಬ್ಬರು ಇರಬೇಕು. ದೊಡ್ಡವ್ವನ ವಾರ್ಡಿನಲ್ಲಿ ರಾತ್ರಿ ನಾನು ಎಣಿಸಿದೆ: 22 ಹಾಸಿಗೆ, ಇಬ್ಬರು ಸಿಸ್ಟರ್. ಅವರು ಇಂಜೆಕ್ಷನ್ ಕೊಡಬೇಕು, ಚಾರ್ಟ್ ತುಂಬಬೇಕು, ಬೆಳಗಾದರೆ ಬಿಲ್ಲಿನ ವಿಚಾರಕ್ಕೆ ಬೈಸಿಕೊಳ್ಳಲೂಬೇಕು. ಹೀಗಿರುವಾಗ ಅಧ್ಯಾತ್ಮದ ಬಗ್ಗೆ ಅವರಿಗೆ ಕಾರ್ಯಾಗಾರ ನಡೆಸಿ ಸರ್ಟಿಫಿಕೇಟ್ ಹಂಚುವುದು ಅನ್ಯಾಯ. ಮೊದಲು ಕೈಗಳ ಸಂಖ್ಯೆ ಹೆಚ್ಚಲಿ, ತಕ್ಕ ಸಂಬಳ ಸಿಗಲಿ. ಅಡ್ಮಿಷನ್ ಫಾರಂನಲ್ಲಿ ‘ಧರ್ಮ’ ಎಂಬ ಕಾಲಂ ಇದೆ. ಅಲ್ಲಿ ಹಿಂದೂ, ಮುಸ್ಲಿಂ ಎಂದು ಬರೆದು ಮುಗಿಸುತ್ತಾರೆ. ಕೊನೆಗಾಲದಲ್ಲಿ ಕಿಬ್ಲಾ ಕಡೆಗೆ ಮುಖ ಮಾಡಿ ಮಲಗಿಸಬೇಕೆ, ಪಾದ್ರಿಗಳನ್ನು ಕರೆಸಬೇಕೆ, ಮಾಂಗಲ್ಯ ತೆಗೆದರೆ ಬದಲಿಗೆ ಅರಿಶಿನ ಕೊಂಬಿನ ದಾರ ಕಟ್ಟಬೇಕೆ, ಇವು ಯಾವುವೂ ಆ ಒಂದು ಪದದಿಂದ ತಿಳಿಯುವುದಿಲ್ಲ. ‘ಕಷ್ಟ ಬಂದಾಗ ನಿಮಗೆ ಧೈರ್ಯ ಕೊಡೋದು ಯಾವುದು?’ ಎಂಬ ಒಂದು ಪ್ರಶ್ನೆಯನ್ನು ಅದರ ಕೆಳಗೆ ಸೇರಿಸಲು ಖರ್ಚೇನೂ ಆಗುವುದಿಲ್ಲ.

ಆಪರೇಷನ್ ಮುಗಿದ ಮರುದಿನ ಬೆಳಗಿನ ಜಾವ, ಇನ್ನೂ ಕತ್ತಲಿತ್ತು. ಅದೇ ಸಿಸ್ಟರ್ ಬಂದು ಹಾಸಿಗೆಯ ತಲೆಭಾಗವನ್ನು ಡಾಕ್ಟರ್ ಹೇಳಿದಷ್ಟು ಎತ್ತಿದರು. ಬಿಸಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ದೊಡ್ಡವ್ವನ ಮುಖ, ಕೈ ಒರೆಸಿದರು. ರಟ್ಟೆಯ ಬ್ಯಾಂಡೇಜು ಬಿಚ್ಚಿ, ಗಾಜ್ ಬಟ್ಟೆಯ ಗಂಟನ್ನು ತಾವು ಬಿಡಿಸದೆ ಹಾಗೇ ಆಕೆಯ ಬಲಗೈಗೆ ಕೊಟ್ಟು, ಸ್ಕ್ರೀನ್ ಎಳೆದು ಹೊರಗೆ ಬಂದರು. ಒಳಗೆ ದೊಡ್ಡವ್ವ ಎಡ ಅಂಗೈ ಬಿಚ್ಚಿದಳು.